ನಿಮಗಿದು ಗೊತ್ತೆ? ಅಳಿವೆಯ ಮೀನಿಗೇಕೆ ಅಷ್ಟು ರುಚಿ

ಟ್ರೌಟ್ ತಣ್ಣೀರಿನ ಮೀನು. ಅದು ಬೇಕಿದ್ದರೆ ನೀಲಗಿರಿ ಹತ್ತಬೇಕು. ಭಟ್ಕಳ, ಹೊನ್ನಾವರ, ಕುಮಟಾದ ಸೆಕೆಯಲ್ಲಿ ಅದು ಬದುಕದು. ಬದುಕದಿದ್ದರೂ ನಷ್ಟವೇನಿಲ್ಲ, ನಮಗೆ ನೊಗ್ಲಿ ಇದೆ! ಮಂಗಳೂರಿನವರು ಕಾಣೆ ಎನ್ನುವುದು ಇದನ್ನೇ. ಬೆಳ್ಳಿ ಬಣ್ಣದ, ಚೂಪು ಮೂತಿಯ ಈ ಮೀನು ಅಳಿವೆಯ ಮರಳಲ್ಲಿ ಹುಳು, ಸಣ್ಣ ಸಿಗಡಿ ಹೆಕ್ಕಿ ತಿನ್ನುತ್ತದೆ. ಬೆದರಿದರೆ ಮರಳೊಳಗೇ ಹುದುಗಿಬಿಡುತ್ತದೆ.

ರುಚಿಯ ಗುಟ್ಟು ಉಪ್ಪಿನಲ್ಲಿದೆ. ಉಪ್ಪುನೀರು ದೇಹದ ನೀರನ್ನು ಹೀರದಂತೆ ಮೀನು, ಸಿಗಡಿ, ಬಳಚುಗಳು ತಮ್ಮ ಮಾಂಸದಲ್ಲಿ ಅಮೈನೊ ಆಮ್ಲಗಳನ್ನು ತುಂಬಿಕೊಳ್ಳುತ್ತವೆ. ನಾಲಿಗೆಗೆ ಸಿಹಿ ಎನಿಸುವ ಗ್ಲೈಸಿನ್ ಅವುಗಳಲ್ಲೊಂದು. ಸಿಹಿನೀರಿನ ಮೀನಿಗೆ ಈ ಗರಜಿಲ್ಲ, ಹಾಗಾಗಿ ರುಚಿ ತುಸು ಸಪ್ಪೆ.

ಉಪ್ಪು ತಗ್ಗಿದರೆ ಏನಾಗುತ್ತದೆಂದು ಹೊನ್ನಾವರದವರನ್ನು ಕೇಳಿ. ಶರಾವತಿಗೆ ಲಿಂಗನಮಕ್ಕಿ (1964), ಆಮೇಲೆ ಗೇರುಸೊಪ್ಪ ಅಣೆಕಟ್ಟು ಬಂದವು. ವಿದ್ಯುತ್ ಉತ್ಪಾದಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಅಳಿವೆಗೆ ಹರಿದು, ಉಪ್ಪು ಬೇಡುವ ಮೀನು, ಚಿಪ್ಪುಜೀವಿಗಳು ಕ್ಷೀಣಿಸಿದವು. ಪಕ್ಕದ ಕುಮಟಾದ ಅಘನಾಶಿನಿಗೆ ಅಣೆಕಟ್ಟೇ ಇಲ್ಲ. ಅಲ್ಲಿ ಬಳಚು ಹೆಕ್ಕುವುದು ಇಂದಿಗೂ ಸಾವಿರಾರು ಜನರ ಜೀವನೋಪಾಯ. 2024ರಲ್ಲಿ ಆ ಅಳಿವೆ ರಾಮ್ಸಾರ್ ತಾಣವೂ, ಅಂದರೆ ಜಾಗತಿಕ ಮಹತ್ವದ ಜೌಗುಭೂಮಿಯೂ ಆಯಿತು.

ಇನ್ನು ಕೆರೆ ಮೀನಿನ ಮಣ್ಣುವಾಸನೆ. ಅದಕ್ಕೆ ಕಾರಣ ಮಣ್ಣಲ್ಲ, ನೀಲಿ-ಹಸಿರು ಪಾಚಿಯಂಥ ಸೂಕ್ಷ್ಮಜೀವಿಗಳು ಹೊರಬಿಡುವ ಜಿಯೋಸ್ಮಿನ್. ಮೀನಿನ ಚರ್ಮ, ಕೊಬ್ಬಿನಲ್ಲಿ ಅದು ಕೂರುತ್ತದೆ. ಹುಳಿ ತಗುಲಿದರೆ ಒಡೆದುಹೋಗುತ್ತದೆ. ಕೆರೆ ಮೀನು ತಂದ ದಿನ ಹುಣಸೆಯನ್ನೋ ಮುರುಗಲನ್ನೋ ಸ್ವಲ್ಪ ಧಾರಾಳವಾಗಿಯೇ ಹಾಕಿ.