ಅಲ್ಲಿ ನಡೆಯುವ ಮ್ಯಾಕ್ರೋ ಇಲ್ಲೇಕೆ ನಡೆಯುವುದಿಲ್ಲ?

ಕೇಟರಿಂಗ್ ಆರ್ಡರುಗಳನ್ನು ಈಗ ನಮ್ಮಲ್ಲಿ ಹಲವರು ಎಕ್ಸೆಲ್‌ನಲ್ಲಿ ಇಡುತ್ತಿದ್ದೇವೆ. ಎಷ್ಟು ಎಲೆ ಊಟ ಎಂದು ತುಂಬಿ ಬಟನ್ ಒತ್ತಿದರೆ ಅಕ್ಕಿ, ಬೇಳೆ, ತೆಂಗಿನಕಾಯಿಯ ಪಟ್ಟಿ ತಯಾರು. ಆ ಬಟನ್ನಿನ ಹಿಂದೆ ಕೆಲಸ ಮಾಡುವುದೇ ಮ್ಯಾಕ್ರೋ. ಆದರೆ ಒಂದು ಹೋಟೆಲಿನಲ್ಲಿ ಸರಿಯಾಗಿ ನಡೆಯುವ ಫೈಲು ಇನ್ನೊಂದು ಬ್ರಾಂಚಿನಲ್ಲಿ ಎರರ್ ತೋರಿಸುತ್ತದೆ. ಹಿಟ್ಟು ಒಂದೇ ಆದರೂ ಕಾವಲಿ ಬೇರೆಯಾದರೆ ದೋಸೆ ಬೇರೆ ಆಗುವುದಿಲ್ಲವೇ? ಇದೂ ಹಾಗೆಯೇ. ಫೈಲು ಮಾಡಿಕೊಟ್ಟ ಹುಡುಗನನ್ನು ಬೈಯುವ ಮೊದಲು ಇವನ್ನು ನೋಡಿರಿ.

1. ಬಟನ್ ಒತ್ತಿದರೂ ಸುಮ್ಮನಿದ್ದರೆ: ಇಮೇಲ್‌ನಲ್ಲಿ ಬಂದ ಫೈಲುಗಳ ಮ್ಯಾಕ್ರೋವನ್ನು 2022ರಿಂದ ಮೈಕ್ರೋಸಾಫ್ಟ್ ತಾನಾಗಿಯೇ ತಡೆಯುತ್ತಿದೆ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಗುರುತು ಹಾಕಿರಿ. ಕಳುಹಿಸಿದವರು ಗೊತ್ತಿದ್ದರೆ ಮಾತ್ರ.

2. ಮ್ಯಾಕ್ರೋವೇ ಕಾಣದಿದ್ದರೆ: ಯಾರೋ ಅದನ್ನು ಸಾಮಾನ್ಯ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲಾಗಿ ಸೇವ್ ಮಾಡಿರುತ್ತಾರೆ. ಎಕ್ಸ್‌ಎಲ್‌ಎಸ್‌ಎಂ ಆಗಿಯೇ ಸೇವ್ ಮಾಡಬೇಕು.

3. ‘ಲೈಬ್ರರಿ ಸಿಗುತ್ತಿಲ್ಲ’ ಎಂಬ ಎರರ್ ಬಂದರೆ: ಆಲ್ಟ್ ಮತ್ತು ಎಫ್11 ಒತ್ತಿ, ಟೂಲ್ಸ್‌ನಲ್ಲಿ ರೆಫರೆನ್ಸಸ್ ತೆರೆಯಿರಿ. ‘ಮಿಸ್ಸಿಂಗ್’ ಎಂದಿರುವ ಸಾಲನ್ನು ಫೈಲು ಮಾಡಿದವರಿಗೆ ತೋರಿಸಿರಿ.

4. 64 ಬಿಟ್ ಎಂಬ ಮಾತು ಎರರ್‌ನಲ್ಲಿ ಬಂದರೆ: ಒಂದು ಕಡೆ 32 ಬಿಟ್ ಆಫೀಸ್, ಇನ್ನೊಂದು ಕಡೆ 64 ಬಿಟ್ ಇದೆ ಎಂದರ್ಥ. ಮ್ಯಾಕ್ರೋದ ಕೆಲವು ಸಾಲು ತಿದ್ದಿಸಬೇಕು.

5. ‘ಪಾತ್ ನಾಟ್ ಫೌಂಡ್’ ಎಂದರೆ: ಅಲ್ಲಿರುವ ಡಿ ಡ್ರೈವ್ ಅಥವಾ ಫೋಲ್ಡರ್ ಇಲ್ಲಿ ಇಲ್ಲ.

ಎರರ್ ತೋರಿಸಿ ನಿಂತರೆ ಭಯವಿಲ್ಲ, ನಮಗೆ ತಿಳಿಯುತ್ತದೆ. ಏನೂ ತೋರಿಸದೆ ತಪ್ಪು ಮಾಡಿದರೆ ಕಷ್ಟ. ತಾರೀಕು ಅಂಥದ್ದು. 5/6 ಎಂದು ಟೈಪ್ ಮಾಡಿದರೆ ಭಾರತದ ಸೆಟ್ಟಿಂಗ್ ಇರುವ ಕಂಪ್ಯೂಟರು ಜೂನ್ 5 ಎನ್ನುತ್ತದೆ, ಅಮೆರಿಕದ ಸೆಟ್ಟಿಂಗ್ ಇದ್ದರೆ ಮೇ 6 ಎನ್ನುತ್ತದೆ. ಮುನ್ನೂರು ಜನರ ಮದುವೆ ಊಟಕ್ಕೆ ಇದು ಸಣ್ಣ ವಿಷಯವಲ್ಲ. ಕಂಟ್ರೋಲ್ ಪ್ಯಾನೆಲ್‌ನ ರೀಜನ್‌ನಲ್ಲಿ ಎಲ್ಲ ಕಂಪ್ಯೂಟರುಗಳಿಗೂ ‘ಇಂಗ್ಲಿಷ್ ಇಂಡಿಯಾ’ ಇಡಿಸಿರಿ. ತಾರೀಕನ್ನು 5-ಜೂನ್ ಎಂದು ತಿಂಗಳ ಹೆಸರಿನೊಡನೆ ಬರೆಯುವಂತೆ ಮ್ಯಾನೇಜರಿಗೆ ಹೇಳಿರಿ.

ಹೊಸ ಕಂಪ್ಯೂಟರು ಬಂದ ದಿನ, ಮುಗಿದುಹೋದ ಒಂದು ಆರ್ಡರನ್ನು ಹಳೆಯದರಲ್ಲೂ ಹೊಸದರಲ್ಲೂ ಓಡಿಸಿ ಎರಡೂ ಪಟ್ಟಿ ಪ್ರಿಂಟ್ ತೆಗೆಯಿರಿ. ತಾರೀಕು, ಸಾಮಾನು, ಮೊತ್ತ ಮೂರೂ ತಾಳೆಯಾದ ಮೇಲೆಯೇ ಹೊಸ ಆರ್ಡರು ಅದರಲ್ಲಿ ಬರೆಯಿರಿ.