130 ಡಾಲರಿಗೆ ಮಾರಿಹೋದ ಸೂಪರ್‌ಮ್ಯಾನ್

2012ರಲ್ಲಿ ಅಮೆರಿಕದಲ್ಲಿ ಹಳೆಯ ಚೆಕ್ಕೊಂದು ಹರಾಜಿಗೆ ಬಂತು. 1938ರ ಮಾರ್ಚ್ 1ರ ತಾರೀಖಿದ್ದ ಆ ಚೆಕ್ಕಿನ ಮೊತ್ತ 412 ಡಾಲರ್. ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 1,60,000 ಡಾಲರ್! ಅದರಲ್ಲಿ ನಮೂದಾಗಿದ್ದ ಬಾಬುಗಳಲ್ಲಿ ಒಂದು, ಸೂಪರ್‌ಮ್ಯಾನ್ ಕಥೆಗೆ ಸಂದ 130 ಡಾಲರ್.

ಕ್ಲೀವ್‌ಲ್ಯಾಂಡ್ ನಗರದ ಜೆರ್ರಿ ಸೀಗಲ್ ಕಥೆ ಬರೆಯುತ್ತಿದ್ದರು, ಗೆಳೆಯ ಜೋ ಶುಸ್ಟರ್ ಚಿತ್ರ ಬಿಡಿಸುತ್ತಿದ್ದರು. ಇಬ್ಬರಿಗೂ ಆಗ ಇಪ್ಪತ್ತನಾಲ್ಕರ ಆಸುಪಾಸು. ಹಲವರು ತಿರಸ್ಕರಿಸಿದ್ದ ಅವರ ಕಥೆಯನ್ನು ಕೊನೆಗೆ ಡಿಟೆಕ್ಟಿವ್ ಕಾಮಿಕ್ಸ್ ಸಂಸ್ಥೆ ಒಪ್ಪಿಕೊಂಡಿತು. ಪುಟಕ್ಕೆ 10 ಡಾಲರಿನಂತೆ 13 ಪುಟ. ಆದರೆ ಅವರು ಸಹಿ ಮಾಡಿದ ಕಾಗದದ ಪ್ರಕಾರ ಪುಟಗಳ ಜೊತೆಗೆ ಆ ಪಾತ್ರವೂ ಸಂಸ್ಥೆಯದಾಯಿತು.

ಕೆಲವು ವರ್ಷ ಸಂಸ್ಥೆ ಇಬ್ಬರಿಗೂ ಕೆಲಸ ಕೊಟ್ಟಿತು, ಒಳ್ಳೆಯ ಸಂಭಾವನೆಯನ್ನೂ ಕೊಟ್ಟಿತು. 1947ರಲ್ಲಿ ಅವರು ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮರುವರ್ಷ ರಾಜಿಯಾಗಿ ಒಂದಿಷ್ಟು ಹಣ ಸಿಕ್ಕಿತು, ಪಾತ್ರ ಸಿಗಲಿಲ್ಲ. ಕೆಲಸವೂ ಹೋಯಿತು, ಪುಸ್ತಕದ ಮೇಲಿನ ಹೆಸರೂ ಹೋಯಿತು. 1975ರಲ್ಲಿ ಸೂಪರ್‌ಮ್ಯಾನ್ ಚಲನಚಿತ್ರದ ಸಿದ್ಧತೆ ನಡೆದಿದ್ದಾಗ ಇವರ ಬಡತನ ಪತ್ರಿಕೆಗಳಿಗೆ ಸುದ್ದಿಯಾಯಿತು. ಶುಸ್ಟರ್ ದೃಷ್ಟಿ ಅಷ್ಟರಲ್ಲಿ ಬಹಳ ಮಂದವಾಗಿತ್ತು. ಸಹ ಕಲಾವಿದರು ಬೆನ್ನಿಗೆ ನಿಂತ ಮೇಲೆ ತಲಾ 20,000 ಡಾಲರಿನ ವರ್ಷಾಶನ ಗೊತ್ತಾಯಿತು, ಹೆಸರು ಮತ್ತೆ ಅಚ್ಚಾಗತೊಡಗಿತು.

ಪುಟದ ಲೆಕ್ಕದಲ್ಲಿ ಹಣ ಕೊಟ್ಟು ಎಲ್ಲವನ್ನೂ ಕೊಂಡುಬಿಡುವುದು ಆ ಕಾಲದ ವಾಡಿಕೆಯಾಗಿತ್ತು. ಆದರೆ ಅದೇ ಕಾಲದಲ್ಲಿ ವಿಲ್ ಐಸ್ನರ್ ಎಂಬ ಕಲಾವಿದ ಬೇರೆ ದಾರಿ ಹಿಡಿದರು. 1940ರಲ್ಲಿ ಅವರು ಪತ್ರಿಕೆಗಳ ಭಾನುವಾರದ ಪುರವಣಿಗಾಗಿ 'ದಿ ಸ್ಪಿರಿಟ್' ಆರಂಭಿಸಿದಾಗ, ಪಾತ್ರದ ಒಡೆತನ ಕಡೆಗೆ ತಮಗೇ ಸೇರಬೇಕೆಂದು ಕರಾರಿನಲ್ಲೇ ಬರೆಸಿಕೊಂಡರು. 1952ರಲ್ಲಿ ಆ ಮಾಲಿಕೆ ನಿಂತಿತು. ಎಪ್ಪತ್ತರ ದಶಕದಲ್ಲಿ ಹೊಸ ಪ್ರಕಾಶಕರು ಅದನ್ನು ಮರುಮುದ್ರಿಸಲು ಮುಂದಾದಾಗ ಐಸ್ನರ್ ಯಾರ ಅನುಮತಿಗೂ ಕಾಯಬೇಕಾಗಲಿಲ್ಲ.

ಒಳ್ಳೆಯದೆಂದು ಕಾಣುವ ಷರತ್ತೂ ಕೈಕೊಡಬಹುದು. 1986ರಲ್ಲಿ ಹೊರಬರಲಾರಂಭಿಸಿದ 'ವಾಚ್‌ಮೆನ್' ಕೃತಿಯ ಕರಾರು ಇದಕ್ಕೆ ನಿದರ್ಶನ. ಪುಸ್ತಕ ಮುದ್ರಣದಿಂದ ಮರೆಯಾಗಿ ಪ್ರಕಾಶಕರು ಬಳಸದೆ ಬಿಟ್ಟರೆ ಹಕ್ಕು ಲೇಖಕ ಅಲನ್ ಮೂರ್ ಮತ್ತು ಕಲಾವಿದ ಡೇವ್ ಗಿಬನ್ಸ್ ಅವರಿಗೆ ಮರಳಬೇಕಿತ್ತು. ಕಾಮಿಕ್ಸ್ ಕೆಲವೇ ತಿಂಗಳು ಬಾಳುತ್ತಿದ್ದ ಕಾಲದಲ್ಲಿ ಅದು ಉದಾರವಾದ ಮಾತೇ. ಆದರೆ 1987ರಲ್ಲಿ ಬಂದ ಸಮಗ್ರ ಸಂಪುಟ ಎಷ್ಟು ಜನಪ್ರಿಯವಾಯಿತೆಂದರೆ ಅದರ ಮುದ್ರಣ ನಿಲ್ಲಲೇ ಇಲ್ಲ. ಕೃತಿ ಗೆದ್ದದ್ದರಿಂದಲೇ ಕರ್ತೃಗಳಿಗೆ ಹಕ್ಕು ತಪ್ಪಿತು!

1992ರಲ್ಲಿ ಮಾರ್ವೆಲ್ ಸಂಸ್ಥೆಯಲ್ಲಿ ಹೆಸರು ಮಾಡಿದ್ದ ಕಲಾವಿದರು ಹೊರಬಂದು ಇಮೇಜ್ ಕಾಮಿಕ್ಸ್ ಕಟ್ಟಿದ್ದು ಇಂಥ ಅನುಭವಗಳ ಹಿನ್ನೆಲೆಯಲ್ಲಿ. ಅಲ್ಲಿ ಪಾತ್ರ ಕರ್ತೃವಿನದೇ. ಸಂಸ್ಥೆ ಪ್ರಕಟಣೆಗಾಗಿ ನಿಗದಿತ ಶುಲ್ಕ ಪಡೆಯುತ್ತದೆ. ಆದರೆ ಪುಸ್ತಕ ಮಾರಾಟವಾಗದಿದ್ದರೆ ಕರ್ತೃವಿನ ದುಡಿಮೆಯೂ ನಷ್ಟವೇ.

ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಕರ್ತೃವಿಗೆ ಒಂದಿಷ್ಟು ಆಸರೆ ಕೊಟ್ಟಿದೆ. ಹಕ್ಕಿನ ವರ್ಗಾವಣೆ ಬರಹದಲ್ಲೇ ಇರಬೇಕು, ಅದಕ್ಕೆ ಸಹಿಯೂ ಬೀಳಬೇಕು. ಅವಧಿ ಕಾಣಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ಕಾಣಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಅರ್ಥ. ಹಕ್ಕು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ. ಆದರೆ ಕರಾರಿನಲ್ಲಿ 'ಕೃತಿಸ್ವಾಮ್ಯದ ಪೂರ್ಣಾವಧಿಗೆ, ಪ್ರಪಂಚದಾದ್ಯಂತ' ಎಂದು ಬರೆದಿದ್ದರೆ ಈ ಐದು ವರ್ಷದ ರಕ್ಷಣೆ ಸಿಗದು. ಸಂಬಳಕ್ಕೆ ದುಡಿಯುವ ನೌಕರ ಕೆಲಸದ ಭಾಗವಾಗಿ ಬರೆದ ಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನದು.

ಆದ್ದರಿಂದ ಪ್ರಕಾಶಕರನ್ನು ಆರಿಸುವಾಗ ಪುಟಕ್ಕೆಷ್ಟು ಎಂದಷ್ಟೇ ಕೇಳಿದರೆ ಸಾಲದು. ಕೊಡುತ್ತಿರುವುದು ಈ ಪುಸ್ತಕವನ್ನೇ, ಪಾತ್ರವನ್ನೇ? ಅನುವಾದ, ಸಿನಿಮಾ, ಆಟಿಕೆಗಳ ಹಕ್ಕು ಯಾರದು? ಮಾರಾಟದ ಲೆಕ್ಕ ಎಂದು ಬರುತ್ತದೆ? ಮೂಲ ಚಿತ್ರಗಳು ವಾಪಸು ಸಿಗುತ್ತವೆಯೇ? 'ಮುದ್ರಣದಲ್ಲಿದೆ' ಎನ್ನಲು ವರ್ಷಕ್ಕೆ ಎಷ್ಟು ಪ್ರತಿ ಮಾರಾಟವಾಗಬೇಕು? ಉತ್ತರಗಳೆಲ್ಲ ಕಾಗದದ ಮೇಲಿರಬೇಕು. ಆ ಪ್ರಕಾಶಕರೊಡನೆ ಈಗಾಗಲೇ ದುಡಿದವರನ್ನು ವಿಚಾರಿಸುವುದೂ ಲೇಸು.

ಸೀಗಲ್ ಮತ್ತು ಶುಸ್ಟರ್ ಆ ಚೆಕ್ಕಿನ ಹಿಂಬದಿಗೆ ಸಹಿ ಹಾಕಿ ಹಣ ಪಡೆದಿದ್ದರು. ಎಪ್ಪತ್ತನಾಲ್ಕು ವರ್ಷಗಳ ಅನಂತರ ಅದಕ್ಕೆ ಬಂದ ಬೆಲೆಯನ್ನು ನೋಡಲು ಇಬ್ಬರೂ ಬದುಕಿರಲಿಲ್ಲ.