ಕಡಲ ದಂಡೆಯಲ್ಲಿ ಡೇರೆ ಹಾಕಿದೆವು

ರಜ ಬಂತೆಂದರೆ ಗಂಡಸರಿಗೂ ಮಕ್ಕಳಿಗೂ ವಿಶ್ರಾಂತಿ. ನಮಗೆ ಮಾತ್ರ ಅದೇ ಒಲೆ, ಅದೇ ಪಾತ್ರೆ. ನಿಮ್ಮನೇಲೂ ಹೀಗೇ ತಾನೇ? ಹೋದ ಡಿಸೆಂಬರಿನಲ್ಲಿ ಮಕ್ಕಳು ಸಮುದ್ರದ ಹತ್ತಿರ ಡೇರೆಯಲ್ಲಿ ಮಲಗೋಣವೆಂದು ಹಟ ಹಿಡಿದಾಗ ನನಗೆ ಮೊದಲು ಹೊಳೆದದ್ದು ಒಂದೇ ಪ್ರಶ್ನೆ: ಹೆಂಗಸರಿಗೆ ಪಾಯಖಾನೆ, ಬಚ್ಚಲು ಎಲ್ಲಿ? ಇದನ್ನು ಕೇಳಲು ಸಂಕೋಚಪಡಬೇಡಿ. ದಂಡೆಗೆ ತಾಗಿದ ತೆಂಗಿನ ತೋಟದ ಮನೆಯವರು ತಮ್ಮಲ್ಲೇ ಅನುಕೂಲ ಮಾಡಿಕೊಡಲು ಒಪ್ಪಿದ ಮೇಲೆಯೇ ನಾವು ಹೊರಟದ್ದು.

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುತ್ತಾಳೆ. ನದಿ ದಾಟಿ ದಕ್ಷಿಣಕ್ಕೆ ಬಂದರೆ ಕಾಸರಕೋಡು. ಅಲ್ಲಿನ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಇನ್ನೂ ಸ್ವಲ್ಪ ಮುಂದೆ ಅಪ್ಸರಕೊಂಡ. ಒಂದು ಕಡೆ ಕಾಡುಗುಡ್ಡ, ಅಲ್ಲೇ ಜಲಪಾತ, ಕೆಳಗೆ ಸಮುದ್ರ! ಬೇಸಿಗೆಯಲ್ಲಿ ಜಲಪಾತ ಸಣ್ಣಗಾಗುವುದರಿಂದ ಮಳೆ ಮುಗಿದ ಹೊಸತರಲ್ಲಿ ಹೋಗುವುದೇ ಚೆಂದ. ಕಾಡನ್ನು ಹಗಲಲ್ಲಿ ನೋಡಿಬನ್ನಿ; ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಅಲ್ಲಿ ರಾತ್ರಿ ತಂಗುವಂತಿಲ್ಲ.

ಸಂಜೆ ನಮ್ಮವರು ಸಮತಟ್ಟಾದ ಮರಳು ನೋಡಿ ಗೂಟ ಹೊಡೆದರು. ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಒಬ್ಬಾಕೆ ನಿಂತು, “ಅಲ್ಲಿ ಮಲಗ್ಬೇಡಿ ಅಮ್ಮಾ, ಇವತ್ತು ಹುಣ್ಣಿಮೆ. ನೀರು ಮೇಲೆ ಬರ್ತದೆ” ಎಂದಳು. ಇವರು ನಕ್ಕರು. ಕಡಲು ಐವತ್ತು ಹೆಜ್ಜೆ ದೂರವಿತ್ತು. ಮರಳಿನ ಮೇಲೆ ಒಣಗಿದ ಕಸಕಡ್ಡಿ ಉದ್ದಕ್ಕೂ ಗೆರೆ ಎಳೆದಂತೆ ಬಿದ್ದಿರುವುದನ್ನು ಆಕೆ ತೋರಿಸಿದಳು. ನಾವು ಅದಕ್ಕಿಂತ ಎಷ್ಟೋ ಕೆಳಗಿದ್ದೆವು. ನಾನು ಇವರಿಗೆ ಎದುರಾಡುವವಳಲ್ಲ. ಆದರೆ ಒಳಗೆ ಮಲಗುವುದು ನನ್ನ ಮಕ್ಕಳು. “ಗೆರೆಯಿಂದ ಮೇಲೆ ಹಾಕಿ, ಇಲ್ಲಾಂದ್ರೆ ಈಗಲೇ ಊರಿಗೆ ಹೋಗೋಣ” ಎಂದುಬಿಟ್ಟೆ. ಗೊಣಗುತ್ತಲೇ ಗೂಟ ಕಿತ್ತು, ತೋಟದ ಬೇಲಿಯ ಪಕ್ಕಕ್ಕೆ ಬಂದರು. ನಡುರಾತ್ರಿ ಎದ್ದು ನೋಡಿದರೆ, ಮೊದಲು ಗೂಟ ಹೊಡೆದಿದ್ದ ಜಾಗದಲ್ಲಿ ಅಲೆ ನೊರೆ ಚೆಲ್ಲುತ್ತಿದೆ! ಇವರು ಟಾರ್ಚು ಹಿಡಿದು ಸುಮ್ಮನೆ ನಿಂತಿದ್ದರು.

ಉಬ್ಬರ ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಹೆಚ್ಚು. ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕುವ ನಮಗೆ ಇದನ್ನು ನೋಡಿಕೊಳ್ಳುವುದು ಕಷ್ಟವೇ? ಜೂನ್‌ನಿಂದ ಸೆಪ್ಟೆಂಬರ್ ತನಕವಂತೂ ಈ ಯೋಚನೆಯೇ ಬೇಡ, ಕಡಲು ಬಲು ಒರಟು.

ಇನ್ನು ಅಡುಗೆ. ಒಲೆ ಹೊತ್ತೊಯ್ಯಬೇಡಿ! ತೆಳು ಅವಲಕ್ಕಿಯನ್ನು ಗರಿಗರಿಯಾಗಿ ಹುರಿದು, ಕಡಲೇಬೀಜ, ಕರಿಬೇವಿನ ಒಗ್ಗರಣೆ ಕೊಟ್ಟು ಡಬ್ಬಿಗೆ ತುಂಬಿ. ಅಲ್ಲಿ ಕಾಯಿತುರಿ, ಚಟ್ನಿಪುಡಿ ಹಾಕಿ ಕಲಸಿದರಾಯಿತು. ಒಣಗಿದ ಮುರುಗಲ ಸಿಪ್ಪೆಯನ್ನು ನೀರಲ್ಲಿ ನೆನೆಸಿ, ಕಿವುಚಿ, ಬೆಲ್ಲ, ಚಿಟಿಕೆ ಉಪ್ಪು ಹಾಕಿದರೆ ಬಿಸಿಲಿಗೆ ತಂಪಾದ ಪಾನಕ.

ಮಾರನೆಯ ಬೆಳಗ್ಗೆ ಅವಲಕ್ಕಿ ಕಲಸಿದ್ದು ನಮ್ಮವರೇ. ಉಪ್ಪು ಸ್ವಲ್ಪ ಮುಂದಾಗಿತ್ತು, ನಾನು ಹೇಳಲಿಲ್ಲ.